ಆರ್‌ಎಸ್‌ವಿ: ಚಿಂಪಾಂಜಿಗೆ ಬಂದದ್ದು ನಮ್ಮ ನೆಗಡಿಯೇ?

ಪ್ರಶ್ನೆ: ಡಾಕ್ಟ್ರೇ, ನನ್ನ ಏಳು ತಿಂಗಳ ಮಗನಿಗೆ ಬರೀ ನೆಗಡಿ ಅಂದುಕೊಂಡಿದ್ದೆವು. ಮೂರನೇ ದಿನ ಎದೆ ಗೊರಗೊರ ಅನ್ನತೊಡಗಿತು. ಟೆಸ್ಟ್ ಮಾಡಿಸಿದರೆ ಆರ್‌ಎಸ್‌ವಿ, ಅಂದರೆ ಉಸಿರಾಟಕ್ಕೆ ತೊಂದರೆ ಕೊಡುವ ‘ರೆಸ್ಪಿರೇಟರಿ ಸಿನ್ಸಿಶಿಯಲ್ ವೈರಸ್’. ಈಗ ಹುಷಾರಾಗಿದ್ದಾನೆ. ಈ ವೈರಸ್ ಮೊದಲು ಸಿಕ್ಕಿದ್ದು ಚಿಂಪಾಂಜಿಗಳಲ್ಲಂತೆ. ಹಾಗಾದರೆ ಪ್ರಾಣಿಗಳಿಂದ ಬರುತ್ತದಾ? ಮನೆಯಲ್ಲಿ ಬೆಕ್ಕಿದೆ.

ಮಕ್ಕಳ ಡಾಕ್ಟರ್: ಪಾಪ, ಬೆಕ್ಕಿನ ತಪ್ಪೇನೂ ಇಲ್ಲ. ಚಿಂಪಾಂಜಿ ಕಥೆ ಮಾತ್ರ ನಿಜ. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿದ್ದ ಚಿಂಪಾಂಜಿಗಳಿಗೆ ಸೀನು, ಕೆಮ್ಮು ಶುರುವಾಯಿತು. ಅವುಗಳಲ್ಲಿ ಸಿಕ್ಕಿದ ಹೊಸ ವೈರಸ್ಸಿನ ವರದಿ 1956ರಲ್ಲಿ ಬಂತು. ಇಟ್ಟ ಹೆಸರು ‘ಚಿಂಪಾಂಜಿ ಕೊರೈಜಾ ಏಜೆಂಟ್’, ಅಂದರೆ ಚಿಂಪಾಂಜಿಗಳಿಗೆ ನೆಗಡಿ ತರುವಂಥದ್ದು.

ಮರುವರ್ಷವೇ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಸಂಶೋಧಕ ರಾಬರ್ಟ್ ಚಾನೊಕ್ ಮತ್ತು ಜೊತೆಯವರಿಗೆ ಅದೇ ವೈರಸ್ ಕಾಯಿಲೆ ಬಿದ್ದಿದ್ದ ಇಬ್ಬರು ಮಕ್ಕಳಲ್ಲಿ ಸಿಕ್ಕಿತು. ಊರಿನ ಮಕ್ಕಳ ರಕ್ತ ನೋಡಿದರೆ, ನಾಲ್ಕು ವರ್ಷ ದಾಟಿದ ಹೆಚ್ಚಿನವರಿಗೆ ಅದು ಆಗಲೇ ಬಂದುಹೋಗಿತ್ತು! ಇದು ಮನುಷ್ಯರದೇ ವೈರಸ್. ಚಿಂಪಾಂಜಿಗಳಿಗೆ ನಾವೇ ಅಂಟಿಸಿರಬೇಕು.

ಹೆಸರಿನ ಮಧ್ಯದ ‘ಸಿನ್ಸಿಶಿಯಲ್’ ಅನ್ನುವುದು ನಾಲಿಗೆ ತಿರುಗದ ಪದ, ಆದರೆ ಅದರಲ್ಲೇ ವಿಷಯ ಇದೆ. ವೈರಸ್ಸಿನ ಮೈಮೇಲೆ ‘ಎಫ್’ ಎಂಬ ಪ್ರೋಟೀನ್ ಇದೆ. ಅದು ವೈರಸ್ಸನ್ನು ಜೀವಕೋಶದ ಜೊತೆ ಬೆಸೆಯುತ್ತದೆ. ಆಮೇಲೆ ಅಕ್ಕಪಕ್ಕದ ಕೋಶಗಳೂ ಸೇರಿ ಒಂದೇ ಮುದ್ದೆಯಾಗುತ್ತವೆ. ಆ ಮುದ್ದೆಗೇ ‘ಸಿನ್ಸಿಶಿಯಮ್’ ಅನ್ನುತ್ತಾರೆ, ಹೆಸರು ಬಂದದ್ದು ಅದರಿಂದ. ಲ್ಯಾಬಿನ ಗಾಜಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮಗುವಿನ ಎದೆಯಲ್ಲಿ ತೊಂದರೆ ಬೇರೆ ಥರ: ಸಣ್ಣ ಉಸಿರುನಾಳಗಳು ಊದಿ, ಸತ್ತ ಕೋಶ ಮತ್ತು ಲೋಳೆ ತುಂಬಿಕೊಳ್ಳುತ್ತದೆ. ನೀವು ಕೇಳಿದ ಗೊರಗೊರ ಅದೇ.

ಇನ್ನೊಬ್ಬರು: ಇಷ್ಟು ಹಳೆಯ ವೈರಸ್‌ಗೆ ಲಸಿಕೆ ಯಾಕೆ ತಡವಾಯಿತು?

ಡಾಕ್ಟರ್: 1960ರ ದಶಕದಲ್ಲೇ ಒಂದು ಲಸಿಕೆ ಪ್ರಯೋಗ ಮಾಡಿದ್ದರು. ಅದು ಕಾಯಿಲೆಯನ್ನು ತಡೆಯುವ ಬದಲು ಜೋರು ಮಾಡಿತು, ಇಬ್ಬರು ಮಕ್ಕಳು ತೀರಿಕೊಂಡರು. ಆ ಭಯ ದಶಕಗಳ ಕಾಲ ಉಳಿಯಿತು. ‘ಎಫ್’ ಬೆಸೆಯುವ ಮುಂಚೆ ಒಂದು ಆಕಾರ, ಬೆಸೆದ ಮೇಲೆ ಇನ್ನೊಂದು. ಒಳ್ಳೆಯ ಲಸಿಕೆಗೆ ಬೇಕಾಗಿದ್ದದ್ದು ಮೊದಲಿನ ಆಕಾರ, ಅದು ಸ್ಪಷ್ಟವಾದದ್ದು 2013ರಲ್ಲಿ. ಅದನ್ನೇ ಹಿಡಿದು ಮಾಡಿದ ಲಸಿಕೆಗಳಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಂದನ್ನು ಗರ್ಭಿಣಿಗೆ ಕೊಡುತ್ತಾರೆ, ರಕ್ಷಣೆ ಹುಟ್ಟುವ ಮಗುವಿಗೆ.

ಮೊದಲು ಕೇಳಿದವರು: ಮಗನಿಗೆ ಮತ್ತೆ ಬರುತ್ತಾ?

ಡಾಕ್ಟರ್: ಬರಬಹುದು, ಸಾಮಾನ್ಯವಾಗಿ ಮುಂದಿನ ಸಲ ಇಷ್ಟು ಜೋರಿರಲ್ಲ. ಬೆಕ್ಕಿಗಿಂತ ಜಾಸ್ತಿ, ಮೂಗು ಸುರಿಸಿಕೊಂಡು ಪಾಪುವಿಗೆ ಮುತ್ತು ಕೊಡಲು ಬರುವ ನೆಂಟರ ಮೇಲೆ ಕಣ್ಣಿಡಿ.