ಏರ್ ರೈಫಲ್‌ಗೆ ಹೊಸ ಬೈಪಾಡ್: ಬಳಸಿದವರು ಅನುಭವ ಹೇಳಿ

ವಿದ್ಯಾನಗರ, ದಾವಣಗೆರೆ: ನನ್ನದು .177 (4.5 ಮಿಮೀ) ಸ್ಪ್ರಿಂಗ್ ರೈಫಲ್, ಅಂದರೆ ಸ್ಪ್ರಿಂಗ್ ತಳ್ಳುವ ಪಿಸ್ಟನ್ ಗಾಳಿ ಒತ್ತಿ ಗುಂಡು ಹಾರಿಸುವಂಥದ್ದು. ಮುಂದೆ ಆಸರೆಗೆ ಹಾಕುವ ಎರಡು ಕಾಲಿನ, 6ರಿಂದ 9 ಇಂಚಿನ ಬೈಪಾಡ್ ತರಿಸಿದ್ದೇನೆ. ನೋಡಲು ಗಟ್ಟಿಯಾಗಿದೆ, ಕಾಲುಗಳು ಟಕ್ ಅಂತ ಕೂರುತ್ತವೆ. ಆದರೆ ತಾರಸಿ ಮೇಲೆ 20 ಮೀಟರಿಗೆ ಹೊಡೆದರೆ ಪೆಲೆಟ್ (ಸಣ್ಣ ಗುಂಡು) ಮೇಲಕ್ಕೆ ಹೋಗುತ್ತಿದೆ, ಗ್ರೂಪ್ (ತೂತುಗಳ ಹರಡು) ಕೂಡ ಅಗಲವಾಗಿದೆ. ಮರಳಿನ ಚೀಲದ ಮೇಲೆ ಹೀಗಿರಲಿಲ್ಲ. ವಾಪಸ್ ಕಳಿಸಲು ಇನ್ನೂ ಅವಕಾಶ ಇದೆ. ಇಟ್ಟುಕೊಳ್ಳಲಾ?

ಜೋಗಿಮಟ್ಟಿ: ನಾನಂತೂ ಬೈಪಾಡ್ ಬಿಡುವವನಲ್ಲ. ನನ್ನದು ಪಿಸಿಪಿ, ಮೊದಲೇ ತುಂಬಿಸಿದ ಒತ್ತಡದ ಗಾಳಿಯಿಂದ ಹೊಡೆಯುವ ರೈಫಲ್. ಮೊದಲು ತಂದದ್ದು 1,450 ರೂಪಾಯಿಯದು. ನನ್ನ ಸ್ಟಾಕ್‌ಗೆ ಬೈಪಾಡ್ ಕೂರಿಸುವ ರೈಲ್ ಪಟ್ಟಿ ಇಲ್ಲ, ಬರೀ ಸ್ಟಡ್ ಅನ್ನುವ ಗುಬುಟು. ಅಡಾಪ್ಟರ್‌ಗೆ ಬೇರೆ 380. ಸ್ವಲ್ಪ ದಿನಕ್ಕೇ ಓರೆ ಸರಿಮಾಡುವ ತಿರುಪಿನ ಥ್ರೆಡ್ ಹೋಯಿತು. ಬಿಚ್ಚಿ ನೋಡಿದರೆ ಎರಕದ ಮೆತ್ತನೆ ಲೋಹ. ಲೇತ್‌ನವರಿಗೆ 250 ಕೊಟ್ಟು ಸ್ಟೀಲ್ ತಿರುಪು ಮಾಡಿಸಿದೆ, ಅದೂ ಸಡಿಲವಾಯಿತು. ಮಾರಿದವರಿಗೆ ಕಳಿಸಿದರೆ ಬಳಸಿದ ಮಾಲು ತೆಗೆದುಕೊಳ್ಳಲ್ಲ ಅಂದರು. ಹೋಗಿಬರುವ ಕೊರಿಯರ್ ಖರ್ಚು 260 ಕೂಡ ನನ್ನ ಮೇಲೇ ಬಿತ್ತು. ಕೊನೆಗೆ 4,200 ಕೊಟ್ಟು ಒಳ್ಳೆಯದು ತಂದೆ. ಈಗ ಬೋರಲು ಮಲಗಿ ಭುಜದಿಂದ ಸ್ವಲ್ಪ ಮುಂದಕ್ಕೆ ಒತ್ತಿದರೆ ಕಾಲು ಅಲ್ಲಾಡುವುದಿಲ್ಲ. 25 ಮೀಟರಿನಲ್ಲಿ ತೂತಿನ ಮೇಲೆ ತೂತು. ನಮ್ಮ ದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಆ ಫ್ಯಾನುಗಳನ್ನು ಸುಮ್ನೆ ನಿಲ್ಲಿಸಿಲ್ಲ. 8.44 ಗ್ರೇನ್ ತೂಕದ ಹಗುರ ಪೆಲೆಟ್ ಅಡ್ಡಗಾಳಿಗೆ ಸರಿಯುತ್ತದೆ. ಬಂದೂಕು ಕದಲದೆ ನಿಂತರೆ ತಾನೇ ಗಾಳಿ ಎಷ್ಟು ಸರಿಸಿತು ಅಂತ ಗೊತ್ತಾಗುವುದು?

ಹರಿಹರ 177: ಪಿಸಿಪಿ ಇಟ್ಟುಕೊಂಡವರು ಸ್ಪ್ರಿಂಗ್‌ನವರಿಗೆ ಬುದ್ಧಿ ಹೇಳಬೇಡಿ ಸರ್. ನಿಮ್ಮದರಲ್ಲಿ ಒದೆತವೇ ಇಲ್ಲ. ನಮ್ಮದರಲ್ಲಿ ಪಿಸ್ಟನ್ ಮುಂದೆ ನುಗ್ಗಿದಾಗ ಬಂದೂಕು ಹಿಂದಕ್ಕೆ ಬರುತ್ತದೆ, ಪಿಸ್ಟನ್ ಕೊನೆ ಮುಟ್ಟಿದಾಗ ಮುಂದಕ್ಕೆ ಎಗರುತ್ತದೆ. ಬೈಪಾಡ್ ಆ ಓಡಾಟವನ್ನು ತಡೆಯುತ್ತದೆ. ನೆಲ ಗಟ್ಟಿ ಇದ್ದಷ್ಟೂ ಜಾಸ್ತಿ ನೆಗೆತ. ಇದೇ ಎರಡು ಕಡೆಯ ಒದೆತಕ್ಕೆ ನನ್ನ 3,600 ರೂಪಾಯಿಯ ಸ್ಕೋಪ್‌ನ (ಗುರಿ ನೋಡುವ ದುರ್ಬೀನು) ಗೆರೆ ಒಳಗೇ ತಿರುಗಿಹೋಯಿತು. ಅಂಗಡಿಯವರು "ಕೆಳಗೆ ಬೀಳಿಸಿದ್ದೀರಿ" ಅಂದರು. ಬೀಳಿಸಿಯೇ ಇರಲಿಲ್ಲ! ಆಮೇಲೆ ಸ್ಪ್ರಿಂಗ್ ರೈಫಲ್‌ಗೇ ಅಂತ ಮಾಡಿದ ಸ್ಕೋಪ್‌ಗೆ 6,800, ಮೌಂಟ್‌ಗೆ 1,100. ಸ್ಟಾಕಿನ ತಿರುಪುಗಳೂ ಸಡಿಲವಾಗುತ್ತಿದ್ದವು, ಲಾಕ್‌ಟೈಟ್ ಅಂಟು ಹಚ್ಚಿದ ಮೇಲೆ ನಿಂತವು. ನಾನು ಅಂಗೈ ಮೇಲೆ ರೈಫಲ್ ಇಟ್ಟು, ಬಿಗಿ ಹಿಡಿಯದೆ ಹೊಡೆಯುತ್ತೇನೆ. ಬೈಪಾಡ್ ಇಲ್ಲದೆ ನಿಮ್ಮಷ್ಟೇ ಚಿಕ್ಕ ಗ್ರೂಪ್ ಬರುತ್ತದೆ.

ಜೋಗಿಮಟ್ಟಿ: ಹಾಗಾದರೆ ಗುರಿಹಲಗೆಯ ಫೋಟೋ ಇಲ್ಲಿ ಹಾಕಿ ತೋರಿಸಿ. ಬಾಯಲ್ಲಿ ಎಲ್ಲರದೂ ಚಿಕ್ಕದೇ.

ಹತ್ತು ಮೀಟರ್: ಇಬ್ಬರೂ ದಾರಿ ತಪ್ಪಿಸುತ್ತಿದ್ದೀರಿ. 10 ಮೀಟರ್ ಸ್ಪರ್ಧೆಯಲ್ಲಿ ನಿಂತೇ ಹೊಡೆಯಬೇಕು. ರೈಫಲ್ 5.5 ಕೆಜಿ ವರೆಗೆ ಇರಬಹುದು, ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ತಂದದ್ದು ಹಾಗೆಯೇ. ನನ್ನ ಮಗಳು ಜಾಕೆಟ್, ಪ್ಯಾಂಟ್, ಶೂ ಎಲ್ಲ ಸೇರಿ ಸಾಲ ಮಾಡಿಸಿದ್ದಾಳೆ, ಆದರೂ ಒಂದು ದಿನ ಕೋಲಿಗೆ ಒರಗಿಲ್ಲ. ಬೈಪಾಡ್ ಹಾಕಿದರೆ ಮೈ ಏನೂ ಕಲಿಯುವುದಿಲ್ಲ.

ಎಡಭುಜ: ಅಣ್ಣಾ, ಎಲ್ಲರೂ ಸ್ಪರ್ಧೆಗೆ ಹೊಡೆಯುವುದಿಲ್ಲ. ಅಪಘಾತದಲ್ಲಿ ನನ್ನ ಎಡಭುಜ ಮುರಿದು ಪ್ಲೇಟ್ ಹಾಕಿದ್ದಾರೆ. ತೋಳು ಎದೆಗಿಂತ ಮೇಲೆ ಏಳುವುದಿಲ್ಲ. ರೈಫಲ್ ಮಾರಿಬಿಡು ಅಂದರು ಮನೆಯವರು. ಮೇಜು, ಬೈಪಾಡ್, ಹಿಂದೆ ಒಂದು ಸಣ್ಣ ಚೀಲ. ಇವುಗಳಿಂದಲೇ ನಾನು ಮತ್ತೆ ಶುರು ಮಾಡಿದ್ದು. ಪ್ಯಾರಾ ಶೂಟಿಂಗ್‌ನಲ್ಲಿ ಕೈಯಿಂದ ಬಂದೂಕಿನ ಭಾರ ಹೊರಲಾಗದವರ ಎಸ್‌ಎಚ್2 ವರ್ಗಕ್ಕೆ ಸ್ಟ್ಯಾಂಡ್ ನಿಯಮದಲ್ಲೇ ಇದೆ, ಗೊತ್ತಾ ನಿಮಗೆ? ಅವರೂ ಏನೂ ಕಲಿತಿಲ್ಲವಾ?

ಹತ್ತು ಮೀಟರ್: ನಿಮ್ಮ ವಿಷಯ ಬೇರೆ. ಕೈಕಾಲು ನೆಟ್ಟಗಿರುವವರಿಗೆ ಹೇಳಿದ್ದು.

ಎಡಭುಜ: ಹಾಗಂತ ಮೊದಲೇ ಬರೆಯಬೇಕಿತ್ತು.

ಹಿರಿಯೂರು ದಾಳಿಂಬೆ: ನನಗೆ ತೋಟದ ಬದುವಿನ ಮೇಲೆ ಬೈಪಾಡ್ ಬೇಕೇ ಬೇಕು. ಗಿಳಿ ಹಿಂಡು ಬಂದರೆ ಹಣ್ಣು ಉಳಿಯುವುದಿಲ್ಲ. ಬಲೆಗೆ ಎಕರೆಗೆ ಎಷ್ಟು ಸುರಿದಿದ್ದೇನೆ ಅಂತ ಕೇಳಬೇಡಿ.

ಹರಿಹರ 177: ಇಲ್ಲಿ ಅದನ್ನು ಬರೆಯಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಗಿಳಿಗೂ ರಕ್ಷಣೆ ಇದೆ. .177, 20 ಜೌಲ್ ಶಕ್ತಿಯ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ ಅಂದರೆ ಹಕ್ಕಿ ಹೊಡೆಯಬಹುದು ಅಂತಲ್ಲ. ನಿಮ್ಮಂಥವರಿಂದ ನಮ್ಮೆಲ್ಲರ ಮೇಲೆ ಪೊಲೀಸರ ಕಣ್ಣು.

ಹಿರಿಯೂರು ದಾಳಿಂಬೆ: ಹೊಡೆದೆ ಅಂದೆನಾ? ತಗಡಿಗೆ ಹೊಡೆದು ಸದ್ದು ಮಾಡಿ ಓಡಿಸುತ್ತೇನೆ. ನಷ್ಟ ನಿಮ್ಮ ಜೇಬಿನದಲ್ಲ.

ಹರಿಹರ 177: ಸದ್ದಿಗೆ ಬೈಪಾಡ್ ಯಾಕೆ ಬೇಕು? ಬಿಡಿ. ವಿದ್ಯಾನಗರದವರೇ, ಕಳಿಸುವ ಮೊದಲು ಒಂದು ಸಲ ಬೈಪಾಡ್ ಕಾಲಿನ ಕೆಳಗೆ ದಪ್ಪ ಕಂಬಳಿ ಮಡಿಸಿ ಹಾಕಿ, ಕೆನ್ನೆಯನ್ನು ಒತ್ತದೆ ಹೊಡೆಯಿರಿ. ಗ್ರೂಪ್ ಚಿಕ್ಕದಾಗಿ ಬರೀ ಮೇಲಿದ್ದರೆ ಸ್ಕೋಪ್ ಝೀರೋ ಮಾಡಿಕೊಳ್ಳಿ (ಗುರಿಗೆ ಸರಿಯಾಗಿ ಹೊಂದಿಸಿಕೊಳ್ಳಿ), ಬೈಪಾಡ್ ಇಟ್ಟುಕೊಳ್ಳಿ. ಆದರೂ ಚೆದುರಿದರೆ ವಾಪಸ್ ಕಳಿಸಿ. ಡಬ್ಬಿ, ಬಿಲ್ಲು ಹರಿಯಬೇಡಿ.

ಜೋಗಿಮಟ್ಟಿ: ಗುರಿಹಲಗೆಯ ಫೋಟೋ ಇನ್ನೂ ಬಂದಿಲ್ಲ.