ಬೈಕ್ ನಿಂತರೆ ಸಿಗ್ನಲ್ ಹಸಿರಾಗ್ತಿಲ್ಲ: ಆಯಸ್ಕಾಂತ ಕಟ್ಟಿದರೆ ಉಪಯೋಗ ಇದೆಯಾ?

ಹರಿಹರ ರೋಡ್ ಸವಾರ:

ನಮಸ್ಕಾರ ಎಲ್ಲರಿಗೂ. ಎರಡು ಕಡೆ ಒಂದೇ ತರದ ತೊಂದರೆ, ತಿಳಿದವರು ಹೇಳ್ರಿ.

ಒಂದು, ದಾವಣಗೆರೆ ಊರೊಳಗೆ ಅಡ್ಡರಸ್ತೆಯಿಂದ ಪಿ.ಬಿ. ರೋಡಿಗೆ ಸೇರುವ ಸಿಗ್ನಲ್. ರಾತ್ರಿ 11ರ ಮೇಲೆ ರಸ್ತೆ ಪೂರ್ತಿ ಖಾಲಿ ಇದ್ದರೂ ಬೈಕಿಗೆ ಕೆಂಪು ಬಿಟ್ಟು ಬೇರೆ ಬಣ್ಣವೇ ಬರಲ್ಲ ಅನ್ನಿಸುತ್ತದೆ.

ಎರಡು, ಹರಿಹರದ ಕಡೆ ಒಂದು ಗೋಡೌನ್ ಯಾರ್ಡಿನ ಗೇಟು. ಅಲ್ಲಿ ಕೆಂಪು-ಹಸಿರು ದೀಪ, ಜೊತೆಗೆ ಬೂಮ್ ಬ್ಯಾರಿಯರ್ ಇದೆ. ಲಾರಿ ಬಂದು ನಿಂತ ತಕ್ಷಣ ಹಸಿರಾಗಿ ಬೂಮ್ ಏಳುತ್ತದೆ. ಬೈಕು, ಎಕ್ಸ್‌ಎಲ್ ಮೊಪೆಡ್ ಬಂದರೆ ಏನೂ ಆಗಲ್ಲ, ಹಿಂದೆ ಲಾರಿ ಬರೋವರೆಗೂ ಕಾಯಬೇಕು.

ಬೈಕಿನ ತಳಕ್ಕೆ ಗಟ್ಟಿ ಆಯಸ್ಕಾಂತ ಅಂಟಿಸಿದರೆ ಸಿಗ್ನಲ್ ಗುರುತಿಸುತ್ತದೆ ಅಂತ ವಿಡಿಯೊಗಳಲ್ಲಿ ತೋರಿಸ್ತಾರೆ. ನಿಜವಾ?


ಸಿಗ್ನಲ್ ಕ್ಯಾಬಿನೆಟ್:

ಆಯಸ್ಕಾಂತ ಬೇಡ. ಅದು ಯಾಕೆ ಅಂತ ಕೆಳಗೆ ಯಾರಾದರೂ ಬಿಡಿಸಿ ಹೇಳ್ತಾರೆ. ಮೊದಲು ನೀವು ಕೇಳಿದ ಎರಡೂ ಬೇರೆ ಬೇರೆ ರೋಗ ಅಂತ ತಿಳ್ಕೊಳ್ರಿ. ಗೇಟಿನ ಕೆಳಗೆ ಖಂಡಿತ ಗಾಡಿಯ ಲೋಹ ಗುರುತಿಸುವ ತಂತಿಯ ಲೂಪ್ (ಸುರುಳಿ) ಇದೆ. ಊರೊಳಗಿನ ಸಿಗ್ನಲ್‌ಗೆ ಕಣ್ಣೇ, ಅಂದರೆ ಗಾಡಿ ಬಂದದ್ದನ್ನು ಗುರುತಿಸುವ ಸಾಧನವೇ, ಇಲ್ಲದಿರಬಹುದು. ನಮ್ಮ ಕಡೆಯ ಸಿಗ್ನಲ್‌ಗಳಲ್ಲಿ ಬಹುಪಾಲು ಗಡಿಯಾರದ ಲೆಕ್ಕದಲ್ಲಿ ಓಡುವಂಥವು. ಅಲ್ಲಿ ಬೈಕು ನಿಂತರೂ ಅಷ್ಟೇ, ಲಾರಿ ನಿಂತರೂ ಅಷ್ಟೇ.

ಇದನ್ನು ಪರೀಕ್ಷೆ ಮಾಡೋದು ಸುಲಭ. ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ನಿಮ್ಮ ಕಡೆಯ ಹಸಿರು ಶುರುವಾದಾಗಿನಿಂದ ಮುಂದಿನ ಹಸಿರು ಶುರುವಾಗೋ ತನಕ ಎಷ್ಟು ಸೆಕೆಂಡ್ ಅಂತ ಬರೆದುಕೊಳ್ರಿ. ಸಾಲಾಗಿ ನಾಲ್ಕು ಸುತ್ತು. ನಾಲ್ಕಕ್ಕೂ ಒಂದೇ ಲೆಕ್ಕ ಬಂದು, ಖಾಲಿ ಇರುವ ದಿಕ್ಕಿಗೂ ಹಸಿರು ತಪ್ಪದೆ ಸಿಗ್ತಿದ್ದರೆ ಅದು ಬರೀ ಟೈಮರ್. ಒಂದೊಂದು ಸುತ್ತಿಗೆ ಒಂದೊಂದು ಲೆಕ್ಕ ಬಂದರೆ, ಅಥವಾ ಖಾಲಿ ದಿಕ್ಕನ್ನು ಹಾರಿಸಿ ಮುಂದಕ್ಕೆ ಹೋಗ್ತಿದ್ದರೆ ಮಾತ್ರ ಅದಕ್ಕೆ ಕಣ್ಣಿದೆ. ಹಗಲಲ್ಲಿ ಒಂದು ಲೆಕ್ಕ, ರಾತ್ರಿ ಇನ್ನೊಂದು ಇರುತ್ತದೆ. ಹಾಗಾಗಿ ತೊಂದರೆ ಆಗೋ ಹೊತ್ತಲ್ಲೇ ಅಳೀರಿ.

ಟೈಮರ್ ಅಂತ ಗೊತ್ತಾದರೆ ಬೈಕಿಗೆ ಮಾಡೋ ಉಪಾಯ ಯಾವುದೂ ಇಲ್ಲ. ಸಿಗ್ನಲ್ ನಡೆಸುವ ಪೆಟ್ಟಿಗೆಯಲ್ಲಿ, ಅಂದರೆ ಕಂಟ್ರೋಲರ್‌ನಲ್ಲಿ, ಹಗಲಿನ ಉದ್ದದ ಸುತ್ತನ್ನೇ ರಾತ್ರಿಯೂ ಬಿಟ್ಟಿರುತ್ತಾರೆ, ಕಾಯುವ ಹೊತ್ತು ಬೆಳೆಯೋದೇ ಅಲ್ಲಿ. 120 ಸೆಕೆಂಡಿನ ಸುತ್ತನ್ನು ರಾತ್ರಿಗೆ 60ಕ್ಕೆ ಇಳಿಸಿದರೆ ಕಾಯುವುದು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಇಲ್ಲವೇ ತಡರಾತ್ರಿ ಬ್ಲಿಂಕರ್‌ಗೆ ಹಾಕಬಹುದು: ಮುಖ್ಯ ರಸ್ತೆಗೆ ಮಿನುಗುವ ಹಳದಿ, ಅಂದರೆ ನೋಡಿಕೊಂಡು ಹೋಗಿ, ಅಡ್ಡರಸ್ತೆಗೆ ಮಿನುಗುವ ಕೆಂಪು, ಅಂದರೆ ಪೂರ್ತಿ ನಿಂತು, ಖಾಲಿ ಇದ್ದರೆ ಹೋಗಿ. ಎರಡೂ ಕಂಟ್ರೋಲರ್‌ನ ಸೆಟ್ಟಿಂಗ್ ಕೆಲಸ, ಹೊಸ ಸಾಮಾನು ಬೇಕಿಲ್ಲ. ಸಂಚಾರ ಠಾಣೆಗೆ ಅರ್ಜಿ ಕೊಡುವಾಗ ಜಂಕ್ಷನ್ ಹೆಸರು, ಯಾವ ಕಡೆಯಿಂದ ಬರುವ ರಸ್ತೆ, ದಿನ, ಗಂಟೆ, ಅಳೆದ ನಾಲ್ಕು ಸುತ್ತಿನ ಸೆಕೆಂಡು, ಆಗ ಹಾದುಹೋದ ಗಾಡಿಗಳ ಎಣಿಕೆ ಬರೀರಿ. "ಸಿಗ್ನಲ್ ಸರಿ ಇಲ್ಲ" ಅಂತ ಬರೆದ ಅರ್ಜಿಗಿಂತ ಇದಕ್ಕೆ ತೂಕ ಜಾಸ್ತಿ. ಅಲ್ಲಿಯವರೆಗೆ ಕೆಂಪಿಗೆ ನುಗ್ಗಬೇಡಿ. ಇಷ್ಟು ಹೊತ್ತು ಕಾದ ಮೇಲೆ ಬೈಕು ಹೋಗಬಹುದು ಅನ್ನೋ ಕಾನೂನು ಅಮೆರಿಕದ ಕೆಲವು ರಾಜ್ಯಗಳಲ್ಲಿದೆ, ಇಲ್ಲಿ ಇಲ್ಲ. 2019ರ ತಿದ್ದುಪಡಿ ಆದ ಮೇಲೆ ಕೆಂಪು ದೀಪ ದಾಟುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಗೆ ಸೇರಿದೆ.

ಇನ್ನೊಂದು ಮಾತು. ದಾವಣಗೆರೆ 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಗೆ ಆಯ್ಕೆಯಾದ ಊರು, ಕಂಬಗಳ ಮೇಲೆ ಕ್ಯಾಮೆರಾ ಕಾಣುತ್ತವೆ. ಅವೆಲ್ಲ ಸಿಗ್ನಲ್‌ನ ಕಣ್ಣು ಅಂದ್ಕೋಬೇಡಿ. ಕಣ್ಗಾವಲಿನದು ಬೇರೆ, ನಂಬರ್ ಪ್ಲೇಟ್ ಓದೋದು ಬೇರೆ, ಗಾಡಿ ಬಂತು ಅಂತ ಕಂಟ್ರೋಲರ್‌ಗೆ ಹೇಳೋದು ಬೇರೆ. ಸ್ಟಾಪ್‌ವಾಚ್ ಪರೀಕ್ಷೆಯನ್ನೇ ನಂಬಿ.

ಅಕಸ್ಮಾತ್ ಕ್ಯಾಮೆರಾದಿಂದಲೇ ಗಾಡಿ ಗುರುತಿಸುವ ಸಿಗ್ನಲ್ ಆಗಿದ್ದರೆ, ಸವಾರರು ಮಾಡೋ ತಪ್ಪು ಸಾಮಾನ್ಯವಾಗಿ ಒಂದೇ: ಸ್ಟಾಪ್ ಲೈನ್ ದಾಟಿ ಜೀಬ್ರಾ ಮೇಲೆ ನಿಲ್ಲೋದು. ಕ್ಯಾಮೆರಾದ ಚಿತ್ರದಲ್ಲಿ ಗೆರೆಯ ಹಿಂದೆ ಒಂದು ಚೌಕ ಗುರುತು ಮಾಡಿರುತ್ತಾರೆ, ಆ ಚೌಕದೊಳಗೆ ಇರುವುದಷ್ಟೇ ಅದಕ್ಕೆ ಗಾಡಿ. ಮುಂದೆ ಹೋಗಿ ನಿಂತ ಬೈಕು ಅದರ ಲೆಕ್ಕಕ್ಕೇ ಇಲ್ಲ. ಗೆರೆಯಿಂದ ಒಂದು ಮಾರು ಹಿಂದೆ, ಲೇನಿನ ನಡುಮಧ್ಯೆ ನಿಲ್ಲಿ. ಹೆಡ್‌ಲೈಟ್ ಆರಿಸಬೇಡಿ, ರಾತ್ರಿ ಅದಕ್ಕೆ ಕಾಣೋದು ಅದೇ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಎಂಜಿನ್ ಓಡುತ್ತಿದ್ದಷ್ಟು ಹೊತ್ತು ಲೈಟ್ ಉರಿಯುತ್ತದೆ, ಹಳೆಯ ಗಾಡಿಯವರು ಇದನ್ನು ನೆನಪಿಡಬೇಕು.


ಲೂಪ್ ಲೆಕ್ಕ:

ಆಯಸ್ಕಾಂತದ ವಿಷಯ ನಾನು ಹೇಳ್ತೀನಿ.

ರಸ್ತೆಯಲ್ಲಿ ಹೂತ ಲೂಪ್ ಅಂದರೆ ಮೂರ್ನಾಲ್ಕು ಸುತ್ತು ತಂತಿ. ಗಾಡಿ ಬಂತಾ ಅಂತ ನೋಡುವ ಸರ್ಕ್ಯೂಟ್, ಅಂದರೆ ಡಿಟೆಕ್ಟರ್ ಕಾರ್ಡ್, ಅದರೊಳಗೆ ಹತ್ತಾರು ಕಿಲೋಹರ್ಟ್ಸ್‌ನ ಎಸಿ ಹರಿಸುತ್ತಿರುತ್ತದೆ. ಮೇಲೆ ಲೋಹ ಬಂದರೆ ಆ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ, ಲೂಪಿನ ಇಂಡಕ್ಟನ್ಸ್ (ಕರೆಂಟಿನ ಏರಿಳಿತಕ್ಕೆ ಅಡ್ಡಿ ಮಾಡುವ ಗುಣ) ಸ್ವಲ್ಪ ಇಳಿಯುತ್ತದೆ, ಆವರ್ತನ ಸ್ವಲ್ಪ ಏರುತ್ತದೆ. ಕಾರ್ಡ್ ಹುಡುಕುವುದು ಆ ಏರಿಕೆಯನ್ನು. ಆಯಸ್ಕಾಂತದ ಕ್ಷೇತ್ರ ಸ್ಥಿರ, ಅದು ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ. ಅಂಗೈಯಗಲದ ಆಯಸ್ಕಾಂತ ಮಾಡುವ ಕೆಲಸವನ್ನು ಅಷ್ಟೇ ಅಗಲದ ಅಲ್ಯೂಮಿನಿಯಂ ತಗಡು ಇನ್ನೂ ಚೆನ್ನಾಗಿ ಮಾಡುತ್ತದೆ. ಕಬ್ಬಿಣವೇ ಬೇಕು ಅನ್ನೋದೂ ತಪ್ಪು, ಚೆನ್ನಾಗಿ ಕರೆಂಟ್ ಹರಿಯುವ ಲೋಹ ಸಾಕು. ಎಂಜಿನ್ ಆನ್ ಇದ್ದರೂ ಆಫ್ ಇದ್ದರೂ ವ್ಯತ್ಯಾಸ ಇಲ್ಲ.

ಪ್ರಮಾಣ ನೋಡಿ. 6 ಅಡಿ ಚೌಕದ ಲೂಪಿನ ಮೇಲೆ ಕಾರು ಬಂದರೆ ಇಂಡಕ್ಟನ್ಸ್ ಸುಮಾರು 3% ಇಳಿಯುತ್ತದೆ. ಸಣ್ಣ ಬೈಕು ಬಂದರೆ ಸುಮಾರು 0.1%. ಕಾರ್ಡ್ 50 ಕಿಲೋಹರ್ಟ್ಸ್‌ನಲ್ಲಿ ಓಡ್ತಿದ್ದರೆ ಕಾರಿಗೆ 750 ಹರ್ಟ್ಸ್ ಆಸುಪಾಸು ಏರಿಕೆ, ಬೈಕಿಗೆ ಬರೀ 25. ಕಾರು-ಲಾರಿ ನೋಡಿ ಸೆಟ್ ಮಾಡಿದ ಕಾರ್ಡಿಗೆ ಆ 25 ಗಮನಕ್ಕೇ ಬರಲ್ಲ.

ಆದರೆ ನಿಲ್ಲುವ ಜಾಗ ಸರಿ ಮಾಡಿಕೊಂಡರೆ ಇರುವ ಲೋಹದಿಂದಲೇ ಹೆಚ್ಚು ಕೆಲಸ ತೆಗೆಯಬಹುದು. ಬೈಕಿನ ರಿಮ್ ಒಂದು ಬಳೆ ಅಂದ್ಕೊಳ್ಳಿ, ನೆಟ್ಟಗೆ ನಿಂತ ಬಳೆ. ಲೂಪಿನ ನಡುವೆ ಕ್ಷೇತ್ರ ಕೆಳಗಿನಿಂದ ಮೇಲಕ್ಕೆ ಏಳುತ್ತದೆ, ಬಳೆಯ ಪಕ್ಕದಲ್ಲೇ ಹಾದುಹೋಗುತ್ತದೆ, ಒಳಗೆ ತೂರುವುದಿಲ್ಲ. ತಂತಿಯ ನೇರ ಮೇಲೆ ಕ್ಷೇತ್ರ ಅಡ್ಡಕ್ಕೆ ತಿರುಗಿರುತ್ತದೆ. ಅಲ್ಲಿ ಚಕ್ರ ನಿಂತರೆ ಬಳೆಯೊಳಗೆ ನೆಟ್ಟಗೆ ತೂರುತ್ತದೆ. ಹಾಗಾಗಿ ಲೂಪ್ ಇರುವ ಕಡೆ ಲೇನಿನ ನಡುಮಧ್ಯೆ ನಿಲ್ಲಬೇಡಿ. ರಸ್ತೆಯಲ್ಲಿ ಕೊಯ್ದು ಡಾಂಬರೋ ಎಪಾಕ್ಸಿಯೋ ತುಂಬಿದ ಕಪ್ಪು ಗೀರು ಹುಡುಕಿ, ನೀವು ಹೋಗುವ ದಿಕ್ಕಿಗೆ ಉದ್ದಕ್ಕೆ ಇರುವ ಗೀರಿನ ಮೇಲೆ, ಎಡದ್ದಾದರೂ ಸರಿ ಬಲದ್ದಾದರೂ ಸರಿ, ಎರಡೂ ಚಕ್ರ ಇಟ್ಟು ನಿಲ್ಲಿ. ಅಡ್ಡಗೀರಿನ ಮೇಲೆ ನಿಂತರೆ ಲಾಭ ಕಡಿಮೆ. ಎಂಟರ ಆಕಾರದ ಲೂಪ್ ಇದ್ದರೆ ಮಾತ್ರ ನಡುಗೀರೇ ಎಲ್ಲಕ್ಕಿಂತ ಚೆನ್ನಾಗಿ ಗುರುತಿಸುತ್ತದೆ. ಅದರಲ್ಲಿ ಉದ್ದದ ಗೀರು ಮೂರು ಕಾಣುತ್ತವೆ.


ಹರಿಹರ ರೋಡ್ ಸವಾರ:

ಇಬ್ಬರಿಗೂ ಧನ್ಯವಾದ. ಊರಿನ ಸಿಗ್ನಲ್ ಅಳೆದೆ, ನಾಲ್ಕೂ ಸುತ್ತು ಒಂದೇ. ಟೈಮರ್ರೇ. ಅರ್ಜಿ ಬರೀತೀನಿ.

ಗೇಟಿನ ವಿವರ: ಗೀರಿನ ಅಳತೆ 10 ಅಡಿ × 6 ಅಡಿ, ಮೂರು ಸುತ್ತು ಅಂತ ಡ್ರಾಯಿಂಗ್‌ನಲ್ಲಿದೆ. ಬೂಮಿನ ಮುಂದೆ ಒಂದು ಲೂಪ್, ಕೆಳಗೆ ಇನ್ನೊಂದು, ಎರಡೂ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು ಜೋಡಿಸಿ) ಒಂದೇ ಕಾರ್ಡಿಗೆ. ಕಾರ್ಡ್ 0.05%ಗೆ ಸೆಟ್ ಆಗಿದೆ. ಕೇಬಲ್ 80 ಅಡಿ. ಎಡಗೀರಿನ ಮೇಲೆ ನಿಂತರೆ ಬೈಕಿಗೆ ಕೆಲವು ಸಲ ಹಸಿರು ಬಂತು. ಎಕ್ಸ್‌ಎಲ್‌ಗೆ ಬರಲೇ ಇಲ್ಲ. ಯಾರ್ಡಿನವರು ದುರಸ್ತಿಗೆ ಒಪ್ಪಿದ್ದಾರೆ. ಏನು ಮಾಡಿಸಬೇಕು?


ಗೇಟ್ ಮೆಕ್ಯಾನಿಕ್:

ಸೀರೀಸ್ ಅಂದ್ರಲ್ಲ, ತಪ್ಪು ಅಲ್ಲೇ ಇದೆ. ಲೆಕ್ಕ ಹಾಕಿ ತೋರಿಸ್ತೀನಿ. ಸುತ್ತಳತೆಯನ್ನು ಅಡಿಯಲ್ಲಿ ತಗೊಂಡು ನಾಲ್ಕರಿಂದ ಭಾಗಿಸಿ, ಸುತ್ತಿನ ಸಂಖ್ಯೆಯ ವರ್ಗಕ್ಕೆ ಸುತ್ತಿನ ಸಂಖ್ಯೆ ಕೂಡಿಸಿ ಗುಣಿಸಿದರೆ ಇಂಡಕ್ಟನ್ಸಿನ ಅಂದಾಜು ಮೈಕ್ರೋಹೆನ್ರಿಯಲ್ಲಿ ಸಿಗುತ್ತದೆ. ನಿಮ್ಮದು 32 ಅಡಿ, ಮೂರು ಸುತ್ತು: 8 × 12 = 96. ಎರಡು ಲೂಪಿಗೆ 192. ಕೇಬಲ್ ಅಡಿಗೆ 0.22ರಂತೆ 18. ಒಟ್ಟು 210. ಬೈಕು ನಿಂತಿರೋದು ಒಂದರ ಮೇಲೆ ಮಾತ್ರ. ಆ ಲೂಪಿನಲ್ಲಿ 0.1% ಬದಲಾದರೂ ಕಾರ್ಡಿಗೆ ಕಾಣೋದು 0.046%. ಕಾರ್ಡ್ ಕೇಳ್ತಿರೋದು 0.05. ಅದಕ್ಕೇ ಒಂದೊಂದು ಸಲ ಬರುತ್ತೆ, ಒಂದೊಂದು ಸಲ ಇಲ್ಲ. ಎರಡೂ ಲೂಪನ್ನು ಬೇರೆ ಮಾಡಿ ಎರಡು ಚಾನೆಲ್‌ಗೆ ಕೊಟ್ಟರೆ ಅದೇ ಬೈಕು 0.084% ಕಾಣುತ್ತದೆ. ಎರಡು ಚಾನೆಲ್ಲಿಗೂ ಬೇರೆ ಬೇರೆ ಫ್ರೀಕ್ವೆನ್ಸಿ ಸ್ವಿಚ್ ಇಡಬೇಕು, ಇಲ್ಲದಿದ್ದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸಿ ಬೂಮ್ ತಾನಾಗೇ ಏಳುತ್ತೆ.

ಕಾರ್ಡ್ ಕೇಳುವ ಮಿತಿಯನ್ನು 0.02%ಗೆ ಇಳಿಸಿ ಕೈ ತೊಳ್ಕೊಳ್ಳೋ ದಾರಿಯೂ ಇದೆ. ಆದರೆ ಪಕ್ಕದಲ್ಲಿ ಹೋಗೋ ಲಾರಿ, ಸರಿಯುವ ಕಬ್ಬಿಣದ ಗೇಟು, ಎಲ್ಲಕ್ಕೂ ಹಸಿರು ಬರೋಕೆ ಶುರುವಾಗುತ್ತೆ. ಗೇಟಿನ ಲೋಹ ಲೂಪಿನಿಂದ ಕನಿಷ್ಠ 3 ಅಡಿ ದೂರ ಇರಲಿ.

ನಾನು ಮಾಡಿಸು ಅನ್ನೋದು ಬೈಕಿಗೇ ಪ್ರತ್ಯೇಕ ದಾರಿ, 4 ಅಡಿ ಅಗಲ. ಅದರಲ್ಲಿ 3 ಅಡಿ ಅಗಲ, 6 ಅಡಿ ಉದ್ದದ ಎಂಟರ ಆಕಾರದ ಲೂಪ್. ಎಡ ಅರ್ಧಕ್ಕೆ 2 ಸುತ್ತು, ಬಲ ಅರ್ಧಕ್ಕೆ ಎದುರು ದಿಕ್ಕಿನಲ್ಲಿ 2 ಸುತ್ತು. ಆಗ ನಡುಗೀರಿನಲ್ಲಿ 4 ತಂತಿಯಲ್ಲೂ ಕರೆಂಟ್ ಒಂದೇ ಕಡೆಗೆ ಹರಿಯುತ್ತೆ. ದಿಕ್ಕು ತಪ್ಪಿದರೆ ನಡುಗೀರು ಸತ್ತಂತೆ, ಸುತ್ತುವಾಗ ಬಾಣ ಬರೆದುಕೊಂಡೇ ಸುತ್ತಿ. ನಡುಗೀರಿನ ಮೇಲೆ ಬಿಳಿ ಬಣ್ಣದ ಗೆರೆ ಹೊಡೆಸಿ, "ಇಲ್ಲಿ ನಿಲ್ಲಿಸಿ" ಅಂತ ಬರೆಸಿ. ಈ ಲೂಪ್ ಪಕ್ಕದ ಲಾರಿಯನ್ನು ಸುಲಭವಾಗಿ ಹಿಡಿಯಲ್ಲ, ಎಕ್ಸ್‌ಎಲ್‌ನ ಸ್ಟೀಲ್ ರಿಮ್ಮನ್ನು ಹಿಡಿಯುತ್ತೆ. ಎಲೆಕ್ಟ್ರಿಕ್ ಸ್ಕೂಟರಿನ ಬಾಡಿ ಪ್ಲಾಸ್ಟಿಕ್ ಆದರೂ ರಿಮ್, ಮೋಟಾರು ಲೋಹದ್ದೇ, ಅದೂ ಸಿಗುತ್ತೆ.

ಕೊಯ್ಯುವಾಗ: ಗೀರು 6ರಿಂದ 8 ಮಿ.ಮೀ. ಅಗಲ, 40ರಿಂದ 50 ಮಿ.ಮೀ. ಆಳ. ಮೂಲೆಗಳನ್ನು 45 ಡಿಗ್ರಿಯಲ್ಲಿ ಕತ್ತರಿಸಿ, ನೇರ ಮೂಲೆ ತಂತಿಯ ಹೊದಿಕೆಯನ್ನು ಕುಯ್ಯುತ್ತದೆ. ನೀರು ಹೊಡೆದು ದೂಳು ತೆಗೆದು, ಗಾಳಿ ಹೊಡೆದು ಪೂರ್ತಿ ಒಣಗಿಸಿ. 1.5 ಚದರ ಮಿ.ಮೀ.ನ ಮಲ್ಟಿಸ್ಟ್ರ್ಯಾಂಡ್ ತಂತಿ, ನಡುವೆ ಎಲ್ಲೂ ಜಾಯಿಂಟ್ ಬೇಡ. ಮರದ ಪಟ್ಟಿಯಿಂದ ಒತ್ತಿ ಕೂರಿಸಿ, ಸ್ಕ್ರೂಡ್ರೈವರ್ ಹಾಕಿದರೆ ಹೊದಿಕೆ ಹರಿದು ಮೊದಲ ಮಳೆಗೇ ತೊಂದರೆ. ಲೂಪಿನಿಂದ ಕ್ಯಾಬಿನೆಟ್‌ವರೆಗೆ ಎರಡೂ ತಂತಿಯನ್ನು ಮೀಟರಿಗೆ ಕನಿಷ್ಠ 20 ಸಲ ಹೊಸೆಯಿರಿ, ಮೋಟಾರಿನ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ. ಸಿಮೆಂಟ್ ರಸ್ತೆಯಾದರೆ ಒಳಗಿನ ಕಂಬಿಯಿಂದ ತಂತಿ 2 ಇಂಚಾದರೂ ಮೇಲಿರಲಿ, ಹತ್ತಿರವಾದಷ್ಟೂ ಲೂಪಿನ ಶಕ್ತಿ ಕಂಬಿಯಲ್ಲೇ ಕಳೆಯುತ್ತೆ. ನಮ್ಮ ಎರೆ ನೆಲದಲ್ಲಿ ಬೇಸಿಗೆಗೆ ಬಿರುಕು, ಮಳೆಗಾಲಕ್ಕೆ ಉಬ್ಬು. ಪೇವರ್ ಇಟ್ಟಿಗೆ ಹಾಕಿದ ಕಡೆ ತಂತಿಯನ್ನು ಹಾಗೇ ಹಾಕದೆ ಪಿವಿಸಿ ಪೈಪಿನೊಳಗೆ ಲೂಪ್ ಮಾಡಿ ಹೂಳಿಸಿ.

ಸೀಲ್ ಮಾಡುವ ಮೊದಲು ಒಂದು ಸಲ, ಮಾಡಿದ ಮೇಲೆ ಇನ್ನೊಂದು ಸಲ ಅಳೀರಿ. ಮಲ್ಟಿಮೀಟರಿನಲ್ಲಿ ಒಂದೆರಡು ಓಮ್‌ಗಿಂತ ಜಾಸ್ತಿ ಇರಬಾರದು. 500 ವೋಲ್ಟ್ ಮೆಗ್ಗರ್‌ನಲ್ಲಿ (ತಂತಿಯ ಹೊದಿಕೆ ಸೋರುತ್ತಾ ಅಂತ ಅಳೆಯುವ ಮೀಟರ್) ಭೂಮಿಗೆ 10 ಮೆಗಾಓಮ್‌ಗಿಂತ ಕಡಿಮೆ ಬಂದರೆ ತಂತಿ ಬದಲಿಸಿ. ಮೆಗ್ಗರ್ ಹಾಕೋಕೆ ಮುಂಚೆ ಕಾರ್ಡ್ ಬಿಚ್ಚಿ, ಇಲ್ಲದಿದ್ದರೆ ಕಾರ್ಡ್ ಸುಡುತ್ತೆ.


ಲೂಪ್ ಲೆಕ್ಕ:

ಮೇಲಿನ ಲೆಕ್ಕ ಸರಿ ಇದೆ. ಒಂದು ಸೇರಿಸ್ತೀನಿ: ಬೂಮಿನ ಕೆಳಗಿನ ಲೂಪನ್ನು ಬೈಕಿನ ಜೀವರಕ್ಷಣೆಗೆ ನಂಬಬೇಡಿ. ಲೂಪ್ ಬೈಕನ್ನು ಬಿಟ್ಟ ಕ್ಷಣ ಬೂಮ್ ಸವಾರನ ತಲೆ ಮೇಲೆ ಇಳಿಯುತ್ತೆ. ನೆಲದಿಂದ 2 ಅಡಿ ಎತ್ತರದಲ್ಲಿ ಆಚೆ-ಈಚೆ ಇನ್‌ಫ್ರಾರೆಡ್ ಬೀಮ್ ಕಡ್ಡಾಯ ಹಾಕಿಸಿ. ಬೀಮ್ ಕಡಿದಿರುವಷ್ಟು ಹೊತ್ತು ಬೂಮ್ ಇಳಿಯಬಾರದು.


ಹರಿಹರ ರೋಡ್ ಸವಾರ:

ಬೀಮ್ ಇಲ್ಲ. ಅದನ್ನೇ ಮೊದಲು ಹಾಕಿಸ್ತೀವಿ. ಇನ್ನೊಂದು ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಕೆಲವೊಮ್ಮೆ ಲಾರಿಯನ್ನೂ ಗುರುತಿಸಲ್ಲ. ಇದೂ ಸೀರೀಸ್‌ನಿಂದಲೇನಾ?


ಗೇಟ್ ಮೆಕ್ಯಾನಿಕ್:

ಅಲ್ಲ. ಕರೆಂಟ್ ಬಂದ ಕೂಡಲೇ ಕಾರ್ಡ್ ಲೂಪನ್ನು ಅಳೆದು, ಆಗ ಇರೋ ಸ್ಥಿತಿಯನ್ನೇ "ಖಾಲಿ" ಅಂತ ಹಿಡಿಯುತ್ತೆ. ಆ ಹೊತ್ತಲ್ಲಿ ಮೇಲೆ ಲಾರಿ ನಿಂತಿದ್ದರೆ ಲಾರಿಯೇ ಅದಕ್ಕೆ ಖಾಲಿ. ಲಾರಿಯನ್ನು ಲೂಪಿನಿಂದ ಪೂರ್ತಿ ಹಿಂದಕ್ಕೆ ತೆಗೆಸಿ, ಕಾರ್ಡಿನ ರೀಸೆಟ್ ಒತ್ತಿ, ಎಲ್‌ಇಡಿ ಆರಿದ ಮೇಲೆ ಗಾಡಿ ಬಿಡಿ. ಕಾರ್ಡಿಗೆ ಒಂದು ಸಣ್ಣ ಯುಪಿಎಸ್ ಕೊಟ್ಟುಬಿಟ್ಟರೆ ಈ ತಾಪತ್ರಯವೇ ಇಲ್ಲ, ಅದು ತಿನ್ನೋದು ಕೆಲವೇ ವಾಟ್.