ಪದಚರ್ಚೆ: ‘ಕ್ರ್ಯಾಂಕ್ ಆಗುತ್ತೆ, ಸ್ಟಾರ್ಟ್ ಆಗಲ್ಲ’ ಎನ್ನುವುದಕ್ಕೆ ಸರಿಯಾದ ಕನ್ನಡ ಯಾವುದು?

ಪ್ರಶ್ನೆ:

ಡೀಸೆಲ್ ಪಿಕಪ್ ಗಾಡಿಗಳ ರಿಪೇರಿ ಕೈಪಿಡಿಯೊಂದು ಐಟಿಐ ಹುಡುಗರಿಗಾಗಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಒಂದು ಅಧ್ಯಾಯದ ತಲೆಬರಹ ‘ಇಂಜಿನ್ ಕ್ರ್ಯಾಂಕ್ ಆಗುತ್ತದೆ, ಆದರೆ ಚಾಲನೆಗೊಳ್ಳುವುದಿಲ್ಲ’ ಎಂದಿದೆ. ಇದು ಶೆಡ್ಡಿನಲ್ಲಿ ನಿಲ್ಲುವ ಮಾತೇ? ‘ಚಾಲನೆ’ ಎಂದರೆ ಗಾಡಿ ಓಡಿಸುವುದು ಅಂತಲೂ ಆಗುತ್ತದಲ್ಲ? ತಿಳಿದವರು ಹೇಳಬೇಕು.

ಉತ್ತರ:

ನಿಲ್ಲುವುದಿಲ್ಲ ಸರ್. ತೊಂದರೆ ‘ಚಾಲನೆ’ಗಿಂತ ‘ಕ್ರ್ಯಾಂಕ್’ನಲ್ಲೇ ಹೆಚ್ಚು. ಇಂಗ್ಲಿಷಿನಲ್ಲಿ ಕ್ರ್ಯಾಂಕ್ ಎಂದರೆ ಸ್ಟಾರ್ಟ್ ಮಾಡಲು ಇಂಜಿನ್ ತಿರುಗಿಸುವುದು; ಶೆಡ್ಡಿನಲ್ಲಿ ಅದು ಕ್ರಿಯೆಯಲ್ಲ, ವಸ್ತು: ಪಿಸ್ಟನ್‌ಗಳ ಕೆಳಗೆ ತಿರುಗುವ ಶಾಫ್ಟು. ‘ಕ್ರ್ಯಾಂಕ್ ಹೋಗಿದೆ’ ಎಂದರೆ ಇಂಜಿನ್ ಇಳಿಸುವ ಕೆಲಸ ಬಂತು ಅಂತ ಅರ್ಥ. ಅಲ್ಲಿ ಬಳಕೆಯಲ್ಲಿರುವ ಮಾತು ‘ಸೆಲ್ಫ್’. ಸೆಲ್ಫ್ ಸ್ಟಾರ್ಟರ್ ಎಂಬ ಹೆಸರಿನಲ್ಲಿ ಬಾಲ ಉದುರಿ ತಲೆ ಉಳಿದಿದೆ. 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬರುವವರೆಗೆ ಕೈಯಲ್ಲಿ ಹ್ಯಾಂಡಲ್ ತಿರುಗಿಸಬೇಕಿತ್ತು; ತಾನೇ ತಿರುಗಿಸಿಕೊಳ್ಳುವುದಕ್ಕೆ ಸೆಲ್ಫ್. ಕನ್ನಡದ ‘ಹೊಡೆ’ ಇದಕ್ಕೂ ಒದಗಿತು: ಹ್ಯಾಂಡಲ್ ಹೊಡೆ, ಕಿಕ್ ಹೊಡೆ, ಸೆಲ್ಫ್ ಹೊಡೆ.

ಹಾಗಾಗಿ ತಲೆಬರಹ ‘ಸೆಲ್ಫ್ ಇದೆ, ಸ್ಟಾರ್ಟ್ ಇಲ್ಲ’ ಎಂದಿರಲಿ. ವಾಕ್ಯದಲ್ಲಿ ‘ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ’ ಎಂದರೆ ಸಾಕು. ‘ಸೆಲ್ಫೇ ಬರ್ತಿಲ್ಲ’ ಎನ್ನುವುದು ಬೇರೆಯೇ ಕಾಯಿಲೆ. ಅದಕ್ಕೆ ಬ್ಯಾಟರಿ, ಅರ್ತ್ ವೈರ್, ಸೆಲ್ಫ್ ಮೋಟರ್ ನೋಡಬೇಕು. ‘ಸೆಲ್ಫ್ ಇದೆ, ಸ್ಟಾರ್ಟ್ ಇಲ್ಲ’ ಎಂದರೆ ಡೀಸೆಲ್ ದಾರಿ ನೋಡಬೇಕು. ಫೋನಿನಲ್ಲಿ ಡ್ರೈವರ್ ಹೇಳಿದ ಒಂದು ಮಾತಿನ ಮೇಲೆ ಮೆಕ್ಯಾನಿಕ್ ಯಾವ ಸಾಮಾನು ಹಿಡಿದು ಹೊರಡಬೇಕೆಂದು ತೀರ್ಮಾನವಾಗುತ್ತದೆ.

ನಡುವೆ ಮೂರನೆಯದೊಂದಿದೆ, ಕರಡಿನಲ್ಲಿ ಅದು ಬಿಟ್ಟುಹೋಗಿರಬಹುದು: ‘ಸೆಲ್ಫ್ ಎಳೀತಿದೆ’. ತಿರುಗುತ್ತದೆ, ಆದರೆ ಭಾರವಾಗಿ. ನಿಂತ ಗಾಡಿಯಲ್ಲಿ 12.6 ವೋಲ್ಟ್ ತೋರಿಸುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಮೊದಲು ಬ್ಯಾಟರಿಯನ್ನೇ ಅನುಮಾನಿಸಬೇಕು. ಡೀಸೆಲ್ ಉರಿಯುವುದು ಒತ್ತಿದ ಗಾಳಿಯ ಬಿಸಿಗೆ. ನಿಧಾನ ತಿರುಗಿದರೆ ಆ ಬಿಸಿ ಹುಟ್ಟುವುದಿಲ್ಲ. ಇದಕ್ಕೆ ವಿರುದ್ಧವಾಗಿ ಸೆಲ್ಫ್ ತೀರಾ ಹಗುರಾಗಿ, ಏರಿಳಿತವಿಲ್ಲದೆ ‘ಸುಯ್ಯ್’ ಎಂದು ತಿರುಗಿದರೆ ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್ ಜೊತೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಬೆಲ್ಟ್) ಕಟ್ ಆಗಿರಬಹುದು. ಆಗ ಮತ್ತೆ ಹೊಡೆಯಬಾರದು, ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗುತ್ತವೆ.

ಸರಿಯಾದ ವೇಗದಲ್ಲೇ ತಿರುಗಿ ಸ್ಟಾರ್ಟ್ ಆಗದಿದ್ದರೆ ಸೈಲೆನ್ಸರ್ ನೋಡಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ: ಹೀಟರ್ ಪ್ಲಗ್ (ತಣ್ಣಗಿನ ಇಂಜಿನ್ನಿಗೆ ಬಿಸಿ ಕೊಡುವ ಪ್ಲಗ್) ಅಥವಾ ಕಂಪ್ರೆಷನ್ (ಒಳಗಿನ ಗಾಳಿಯ ಒತ್ತಡ) ನೋಡಬೇಕು. (ಮೂಲದ ‘ಗ್ಲೋ ಪ್ಲಗ್’ಅನ್ನು ಹೀಟರ್ ಪ್ಲಗ್ ಎಂದೇ ಬರೆಯಿರಿ.) ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಇಲ್ಲಿ ಬರುವ ಮಾತು ‘ಏರ್ ಹಿಡಿದಿದೆ’, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದೆ. ‘ವಾಯುಬಂಧ’ ಎಂದು ಬರೆದರೆ ಹೊಟ್ಟೆನೋವಿನ ಔಷಧಿ ನೆನಪಾದೀತು. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತಾ ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಏರ್ ತೆಗೆಯಬೇಕು. ಮತ್ತೆ ಮತ್ತೆ ಏರ್ ಹಿಡಿದರೆ ಟ್ಯಾಂಕಿನಿಂದ ಬರುವ ಪೈಪಿನ ಕ್ಲಿಪ್ಪೋ ಫಿಲ್ಟರ್ ವಾಷರೋ ಗಾಳಿ ಎಳೆಯುತ್ತಿರುತ್ತದೆ.

ಕಾಮನ್ ರೈಲ್ ಗಾಡಿಯಲ್ಲಿ (ಎಲ್ಲ ಇಂಜೆಕ್ಟರ್‌ಗಳಿಗೂ ‘ರೈಲ್’ ಎಂಬ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಗಾಡಿ) ಇಷ್ಟಕ್ಕೇ ಮುಗಿಯದು. ರೈಲಿನಲ್ಲಿ ಸುಮಾರು 200 ಬಾರ್ ಒತ್ತಡ ಕೂಡದೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಇಂಜೆಕ್ಟರ್ ತೆರೆಸುವುದಿಲ್ಲ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಸೊನ್ನೆ ಇದ್ದರೆ ಕ್ರ್ಯಾಂಕ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ನೋಡಿ. ಆರ್‌ಪಿಎಂ ಇದ್ದು ಒತ್ತಡ ಏರದಿದ್ದರೆ ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಸೆಲ್ಫ್ ಹೊಡೆಯಬೇಕು. ಬೇಗ ತುಂಬಿದ ಬಾಟಲಿಯ ಇಂಜೆಕ್ಟರೇ ಒತ್ತಡ ಸೋರಿಸುತ್ತಿರುವುದು. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಅರ್ಧ ನಿಮಿಷವಾದರೂ ಬಿಡಬೇಕು; ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ. ಹಳೆಯ ಪಂಪಿನ ಗಾಡಿಗಳಲ್ಲಿ ಮಾಡುತ್ತಿದ್ದಂತೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವುದು ಇಲ್ಲಿ ಅಪಾಯ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಈ ಸಾಲು ದಪ್ಪ ಅಕ್ಷರದಲ್ಲಿರಲಿ.

ಇನ್ನೊಬ್ಬರ ಸೇರ್ಪಡೆ:

‘ಸ್ಟಾರ್ಟ್’ ಹಾಗೇ ಇರಲಿ ಎಂಬುದಕ್ಕೆ ನಮ್ಮದೂ ಹ್ಞೂಂ. ಉತ್ತರ ಕರ್ನಾಟಕದ ಕಡೆ ‘ಗಾಡಿ ಚಾಲೂ ಆಗವಲ್ದು’ ಅಂತಾರೆ, ಅದನ್ನೂ ಪದಪಟ್ಟಿಯಲ್ಲಿ ಕೊಡಿ. ಆದರೆ ‘ಪಿಕಪ್’ ಪದದ ಮೇಲೊಂದು ಕಣ್ಣಿಡಿ. ಬರೀ ‘ಪಿಕಪ್ ಇಲ್ಲ’ ಎಂದು ಬರೆದರೆ ಆಕ್ಸಿಲೇಟರ್ ಒತ್ತಿದರೂ ಗಾಡಿ ಏಳುತ್ತಿಲ್ಲ ಅಂತ ಓದಿಕೊಳ್ಳುತ್ತಾರೆ. ವಾಹನವೆಂಬ ಅರ್ಥ ಬೇಕಾದಲ್ಲೆಲ್ಲ ‘ಪಿಕಪ್ ಗಾಡಿ’ ಎಂದೇ ಇರಲಿ.